ಕ್ಯಾಮೆರಾ ಅಲ್ಲ, ಕ್ಲ್ಯಾಂಪ್: ನ್ಯಾವಿಗೇಷನ್ ಯಂತ್ರದ ಬಗ್ಗೆ ಮತ್ತೆ ದೂರು

ಸರ್ವೀಸ್ ಮ್ಯಾನೇಜರ್ ಅವರಿಗೆ,

ವಿಷಯ: ಸ್ಪೈನ್ ನ್ಯಾವಿಗೇಷನ್‌ನ ರೆಫರೆನ್ಸ್ ಫ್ರೇಮ್ ಅಲುಗಾಡುತ್ತಿರುವುದು

ಮಾನ್ಯರೇ,

ಆಪರೇಷನ್ ವೇಳೆ ಉಪಕರಣದ ತುದಿ ಬೆನ್ನುಮೂಳೆಯಲ್ಲಿ ಎಲ್ಲಿದೆ ಎಂದು ಸ್ಕ್ರೀನಿನಲ್ಲಿ ತೋರಿಸುವ ನಿಮ್ಮ ನ್ಯಾವಿಗೇಷನ್ ಯಂತ್ರ ನೋಡಲು ನಿಮ್ಮ ಇಂಜಿನಿಯರ್ ಹೋದ ವಾರ ಬಂದು "ಕ್ಯಾಮೆರಾ ಓಕೆ" ಎಂದು ಬರೆದು ಕಂಪ್ಲೇಂಟ್ ಕ್ಲೋಸ್ ಮಾಡಿ ಹೋದರು. ಕ್ಯಾಮೆರಾ ಕೆಟ್ಟಿದೆ ಎಂದು ನಾವು ಹೇಳಿಯೇ ಇರಲಿಲ್ಲ. ನಮ್ಮ ದೂರು ರೆಫರೆನ್ಸ್ ಫ್ರೇಮನ್ನು (ಕ್ಯಾಮೆರಾ ಗುರುತು ಹಿಡಿಯುವ, ಹೊಳೆಯುವ ಗೋಲಿಗಳಿರುವ ಚೌಕಟ್ಟು) ಮೂಳೆಗೆ ಕಚ್ಚಿಸುವ ಕ್ಲ್ಯಾಂಪಿನದ್ದು. ಅದನ್ನು ಅವರು ಟ್ರೇಯಿಂದ ಹೊರಗೂ ತೆಗೆಸಲಿಲ್ಲ.

ಆಗಿದ್ದು ಇಷ್ಟು. ಸೊಂಟದ ಎಲ್4-ಎಲ್5 ಕಶೇರುಗಳಿಗೆ ಸಣ್ಣ ಸೀಳಿನಲ್ಲಿ ಪೆಡಿಕಲ್ (ಕಶೇರುವಿನ ಹಿಂಬದಿಯ ಸಣ್ಣ ಮೂಳೆಕಂಬ) ಸ್ಕ್ರೂ ಹಾಕುವ ಆಪರೇಷನ್. ಫ್ರೇಮ್ ಕೂರಿಸಿ 3ಡಿ ಸ್ಕ್ಯಾನ್ ತೆಗೆದೆವು. ಮೊದಲ ಸ್ಕ್ರೂ ಚೆನ್ನಾಗಿ ಕೂತಿತು. ಎರಡನೆಯದಕ್ಕೆ ಮುಂಚೆ ರೂಢಿಯಂತೆ ಪಾಯಿಂಟರ್ ತುದಿಯನ್ನು, ಕ್ಲ್ಯಾಂಪ್ ಪಕ್ಕದಲ್ಲೇ ಕಾಣುವ ಸ್ಪೈನಸ್ ಪ್ರೋಸೆಸ್ (ಕಶೇರುವಿನಿಂದ ಹಿಂದಕ್ಕೆ ಚಾಚಿದ ಮೂಳೆ) ಮೇಲಿಟ್ಟು ನೋಡಿದೆ. ಕೈಗೆ ಮೂಳೆ ತಾಗುತ್ತಿದೆ, ಸ್ಕ್ರೀನ್‌ನಲ್ಲಿ ತುದಿ ಸುಮಾರು 3 ಮಿ.ಮೀ. ಮೇಲೆ ಗಾಳಿಯಲ್ಲಿ ನಿಂತಿದೆ! ಯಂತ್ರದ ಎಚ್ಚರಿಕೆ ಒಂದೂ ಇಲ್ಲ. ಬೆರಳಿಂದ ಮೆಲ್ಲಗೆ ಒತ್ತಿದರೆ ಫ್ರೇಮ್ ಕೀಲಿನ ಹತ್ತಿರ ಅಲ್ಲಾಡಿತು. ನಟ್ಟು ಪೂರ್ತಿ ಬಿಗಿದಿದ್ದರೂ.

ಕ್ಯಾಮೆರಾ ಸರಿದರೆ ಲೆಕ್ಕ ಕೆಡುವುದಿಲ್ಲ. ಎಲ್ಲವನ್ನೂ ಅದು ಅಳೆಯುವುದು ಫ್ರೇಮನ್ನು ನೋಡಿಕೊಂಡು. ಆದರೆ ಸ್ಕ್ಯಾನ್ ಆದ ಮೇಲೆ ಫ್ರೇಮೇ ಜರುಗಿದರೆ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಹೊಳೆಯುವ ಗೋಲಿಗಳು ಕಂಡರೆ ಸಾಕು, ಎಲ್ಲ ಸರಿ ಇದೆ ಅನ್ನುತ್ತದೆ. ಬೆನ್ನು ಅಗಲವಾಗಿ ತೆರೆದ ಆಪರೇಷನ್ನಲ್ಲಾದರೆ ಮೂಳೆಯ ಗುರುತು ಕಣ್ಣಿಗೇ ಸಿಗುತ್ತದೆ. ಇಲ್ಲಿ ನಮಗಿರುವುದು ಸ್ಕ್ರೀನ್ ಒಂದೇ.

3 ಮಿ.ಮೀ. ಜಾಸ್ತಿ ಏನಲ್ಲ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. 1990ರಲ್ಲಿ ಬಂದ, ನಾವು ಇವತ್ತಿಗೂ ಬಳಸುವ ಗರ್ಟ್ಸ್‌ಬೈನ್-ರಾಬಿನ್ಸ್ ಅಳತೆಯಲ್ಲಿ ಸ್ಕ್ರೂ ಪೆಡಿಕಲ್ ಗೋಡೆ ದಾಟದಿದ್ದರೆ ಎ ಗ್ರೇಡ್, 2 ಮಿ.ಮೀ. ಒಳಗೆ ದಾಟಿದರೆ ಬಿ. ಸಾಮಾನ್ಯವಾಗಿ ಒಪ್ಪುವುದು ಅಲ್ಲಿಯವರೆಗೆ ಮಾತ್ರ. ಸೊಂಟದ ಪೆಡಿಕಲ್ ಅಗಲ ಇರುತ್ತದೆ, ಸ್ವಲ್ಪ ತಡೆದುಕೊಳ್ಳುತ್ತದೆ. ಎದೆಯ ಟಿ5 ಕಶೇರುವಿನ ಹತ್ತಿರ ಎಷ್ಟೋ ಜನರಿಗೆ ಪೆಡಿಕಲ್ಲೇ 5 ಮಿ.ಮೀ. ಆಸುಪಾಸು. ಅದರ ಒಳಗೋಡೆಯ ಆಚೆ ಬೆನ್ನುಹುರಿ.

ಅವತ್ತು ನ್ಯಾವಿಗೇಷನ್ ಬಿಟ್ಟು ಸಿ-ಆರ್ಮ್ ಎಕ್ಸ್‌ರೇ ಯಂತ್ರ ತರಿಸಿ, ಲೆಡ್ ಏಪ್ರನ್ ಹಾಕಿಕೊಂಡು ಉಳಿದ ಸ್ಕ್ರೂ ಮುಗಿಸಿದೆವು. ರೋಗಿ ಚೆನ್ನಾಗಿದ್ದಾರೆ. ಆದರೆ ಅರಿವಳಿಕೆಯ ಸಮಯ ಹೆಚ್ಚಾಯಿತು, ಎಲ್ಲರಿಗೂ ಎಕ್ಸ್‌ರೇ ಬಿತ್ತು. ಇದನ್ನು ತಪ್ಪಿಸಲೆಂದೇ ನಿಮ್ಮ ಯಂತ್ರ ಕೊಂಡಿದ್ದು. ಡೆಮೊ ದಿನ ಪ್ಲಾಸ್ಟಿಕ್ ಬೆನ್ನುಮೂಳೆಯಲ್ಲಿ ಅದೇನೋ ಚೆನ್ನಾಗಿಯೇ ಕೆಲಸ ಮಾಡಿತ್ತು. ಪ್ಲಾಸ್ಟಿಕ್ ಉಸಿರಾಡುವುದಿಲ್ಲ, ಅಲ್ವಾ?

ಕ್ಲ್ಯಾಂಪ್ ಬದಲಿಸಿ ಕೊಡಿ. ರಿಪೇರಿ ಬೇಡ. ಹೊಸದು ಬರುವವರೆಗೆ ಬದಲಿ ಒಂದನ್ನು ಕಳಿಸಿ. ಬರುವ ಇಂಜಿನಿಯರ್ ಫ್ರೇಮ್ ಸಮೇತ ಫ್ಯಾಂಟಮ್ (ಪರೀಕ್ಷೆಗೆಂದು ಇರುವ ಮಾದರಿ) ಮೇಲೆ ಪರೀಕ್ಷೆ ಮಾಡಿ, ಎಷ್ಟು ಮಿ.ಮೀ. ವ್ಯತ್ಯಾಸ ಬಂತು ಎಂದು ಬರೆದು ಸಹಿ ಹಾಕಬೇಕು. ಸುಮ್ನೆ "ಓಕೆ" ಅಂದರೆ ನಾವು ತೆಗೆದುಕೊಳ್ಳುವುದಿಲ್ಲ. "ಬಳಸುವವರ ತಪ್ಪು" ಅನ್ನುವುದಾದರೆ ಒಬ್ಬರು ಆಪರೇಷನ್ ಥಿಯೇಟರಿಗೆ ಬಂದು, ಕ್ಲ್ಯಾಂಪ್ ಬಿಗಿದು, ಅಲ್ಲಾಡದಂತೆ ಮಾಡಿ ತೋರಿಸಲಿ.

ಇದು ಆಗುವ ತನಕ ಎಎಂಸಿಯ (ವಾರ್ಷಿಕ ನಿರ್ವಹಣಾ ಒಪ್ಪಂದದ) ಮುಂದಿನ ಕಂತು ತಡೆಹಿಡಿಯಲು ನಮ್ಮ ಖರೀದಿ ವಿಭಾಗಕ್ಕೆ ಬರೆದಿದ್ದೇನೆ.

ಇಂತಿ,
ಬೆನ್ನುಮೂಳೆ ಶಸ್ತ್ರಚಿಕಿತ್ಸಕ