ಮೊಬೈಲ್ ತೋರಿಸಿದ ಬದು

ಚಿತ್ರದುರ್ಗ
ಭಾನುವಾರ ಬೆಳಿಗ್ಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮೊನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು. ಭರಮಸಾಗರದ ಹೊಲದಲ್ಲಿ ನೀನು ಬದುವಿನಿಂದ ಎರಡು ಮಾರು ಆಚೆಗೆ ಕಲ್ಲುಕಂಬಕ್ಕೆ ಗುಂಡಿ ತೋಡಿಸಿದ್ದನ್ನು, ಪಕ್ಕದ ಹೊಲದ ಯಜಮಾನರು ಬಂದು ತಡೆದದ್ದನ್ನು, ನೀನು ಮೊಬೈಲ್ ಎತ್ತಿ ಹಿಡಿದು ‘ಇದರಲ್ಲಿ ಹೀಗೆಯೇ ತೋರಿಸುತ್ತಿದೆ’ ಎಂದು ವಾದಿಸಿದ್ದನ್ನು ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಅಜ್ಜನ ಕಾಲದಿಂದ ಆ ಮನೆಗೂ ನಿಮ್ಮ ಮನೆಗೂ ಮುಯ್ಯಾಳಿನ ಬಳಕೆ ಇದೆ. ನಿಮ್ಮ ಈರುಳ್ಳಿ ಕೀಳುವ ದಿನ ಅವರ ಮನೆಯವರು ಬರುತ್ತಿದ್ದರು, ಅವರ ಮೆಕ್ಕೆಜೋಳ ಮುರಿಯುವ ದಿನ ನಿಮ್ಮವರು ಹೋಗುತ್ತಿದ್ದರು. ಫೋನಿನಲ್ಲಿ ಮಾತಾಡಿದರೆ ನನ್ನ ದನಿ ಏರುತ್ತದೆ, ನೀನು ನೊಂದುಕೊಳ್ಳುತ್ತೀಯೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಯಾವ ಯಾವ ಆ್ಯಪ್ ಇಟ್ಟುಕೊಳ್ಳಬೇಕು, ಯಾವುದನ್ನು ತೆಗೆಯಬೇಕು ಎಂದು ಹಬ್ಬಕ್ಕೆ ಬಂದಾಗ ನೀನು ಕೇಳಿದ್ದೆಯಲ್ಲ, ಅದಕ್ಕೂ ಇದೇ ಉತ್ತರ.

ಮೊದಲು ಹೊಲದ ವಿಷಯ. ನಿನ್ನ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 4 ಎಕರೆ 12 ಗುಂಟೆ. ಮೊಬೈಲ್ ಹಿಡಿದು ಹೊಲದ ಸುತ್ತ ನಡೆದಾಗ ನಿನಗೆ ಬಂದದ್ದು 4 ಎಕರೆ 5 ಗುಂಟೆ. ಕಡಿಮೆ ಬಂದ 7 ಗುಂಟೆಯನ್ನು ಪಕ್ಕದವರು ಒತ್ತಿಕೊಂಡಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಪಹಣಿಯನ್ನು ಇನ್ನೊಮ್ಮೆ ತೆಗೆದು ನೋಡು. ಒಟ್ಟು ವಿಸ್ತೀರ್ಣದ ಜೊತೆಯಲ್ಲಿಯೇ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಂದು 5 ಗುಂಟೆ ನಮೂದಾಗಿದೆ. ಅದು ಪಡುವಣ ಅಂಚಿನ ಹಳ್ಳ. ನೀನು ಹಳ್ಳಕ್ಕೆ ಇಳಿಯದೆ ದಂಡೆಯ ಮೇಲೆ ನಡೆದು ಬಂದಿದ್ದರಿಂದ ಅಷ್ಟು ಜಾಗ ಲೆಕ್ಕದಿಂದ ಹೊರಗೆ ಉಳಿಯಿತು. ಮಿಕ್ಕ 2 ಗುಂಟೆಯನ್ನು ಯಾರೂ ತೆಗೆದುಕೊಂಡಿಲ್ಲ. ಮೊಬೈಲ್‌ನ ಅಳತೆಯಲ್ಲಿ ಅಷ್ಟು ಏರುಪೇರು ಇದ್ದೇ ಇರುತ್ತದೆ.

ಏಕೆಂದು ಹೇಳುತ್ತೇನೆ. ಮೊಬೈಲ್ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಬಟ್ಟಬಯಲಿನಲ್ಲಿ, ತಲೆಯ ಮೇಲೆ ಆಕಾಶ ತೆರೆದಿದ್ದಾಗಲೂ ಆ ಲೆಕ್ಕ ಸುಮಾರು 5 ಮೀಟರ್ ಆಚೀಚೆ ಆಗುವುದು ಸಹಜ. ಹುಣಸೆ ಮರಗಳ ಕೆಳಗೆ, ಗುಡ್ಡದ ಮಗ್ಗುಲಲ್ಲಿ ಇನ್ನೂ ಹೆಚ್ಚು. 5 ಮೀಟರ್ ಎಂದರೆ 16 ಅಡಿ ದಾಟುತ್ತದೆ. ನಮ್ಮ ಒಂದು ಗುಂಟೆ 33 ಅಡಿ ಉದ್ದ, 33 ಅಡಿ ಅಗಲ. ನೂರು ಮೀಟರ್ ಉದ್ದದ ಬದುವಿನಲ್ಲಿ ಗೆರೆ 5 ಮೀಟರ್ ಸರಿದರೆ ಹತ್ತಿರ ಹತ್ತಿರ 5 ಗುಂಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಒಂದು ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ನ್ಯಾಯಾಲಯ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಿರುವಾಗ ಎರಡು ಮಾರು ಎಂಬುದು ಸಣ್ಣ ಮಾತಲ್ಲ.

ನಾನು ಭೂಮಾಪನ ಇಲಾಖೆಗೆ ಸೇರಿದಾಗ ನಮ್ಮ ಕೈಗೆ ಕೊಟ್ಟದ್ದು 33 ಅಡಿಯ ಕಬ್ಬಿಣದ ಸರಪಳಿ. ಎಳೆದೆಳೆದು ಕೊಂಡಿಗಳು ಸವೆದರೆ ಸರಪಳಿ ಉದ್ದವಾಗುತ್ತದೆ, ಉದ್ದವಾದ ಸರಪಳಿ ಭೂಮಿಯನ್ನು ಕಡಿಮೆ ತೋರಿಸುತ್ತದೆ. ಅದಕ್ಕಾಗಿ ಕಚೇರಿಯ ಜಗುಲಿಯ ಕಲ್ಲಿನ ಮೇಲೆ 33 ಅಡಿ ಅಂತರದಲ್ಲಿ ಎರಡು ಗುರುತು ಕೊರೆದಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರು ಆ ಗುರುತಿನ ಮೇಲೆ ಸರಪಳಿ ಹಾಸಿ ನೋಡದೆ ಒಂದು ದಿನವೂ ಹೊಲಕ್ಕೆ ಹೊರಡುತ್ತಿರಲಿಲ್ಲ. ಮೊಬೈಲ್‌ನ ಆ್ಯಪ್‌ಗಳನ್ನೂ ನಾನು ಹಾಗೆಯೇ ನೋಡುತ್ತೇನೆ. ಗೊತ್ತಿರುವ ಒಂದು ಅಳತೆಯ ಮೇಲೆ ಹಾಸಿ ನೋಡದೆ ಗೊತ್ತಿಲ್ಲದ ಜಾಗಕ್ಕೆ ಒಯ್ಯುವುದಿಲ್ಲ.

ನೀನೂ ಮಾಡಿ ನೋಡು. ನಿನ್ನ ಹೊಲದ ಮೂಡಣ ಮೂಲೆಯಲ್ಲಿ ಗಡಿ ಗುರುತಿನ ಹಳೆಯ ಬಾಂದು ಕಲ್ಲು ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಕಲ್ಲಿನ ಮೇಲೆ ಮೊಬೈಲ್ ಇಟ್ಟು, ನಕ್ಷೆಯಲ್ಲಿ ನೀಲಿ ಚುಕ್ಕಿ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಮಾಡಿಕೊ. ಕಲ್ಲು ಅಲುಗಿರುವುದಿಲ್ಲ, ಚುಕ್ಕಿ ಅಲುಗಿರುತ್ತದೆ. ನಿನ್ನ ಮೊಬೈಲ್ ಎಷ್ಟು ತಪ್ಪುತ್ತದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಹಾಗೆಂದು ನಕ್ಷೆಯ ಆ್ಯಪ್‌ಗಳನ್ನೇ ತೆಗೆದುಬಿಡಬೇಡ. ನಮ್ಮ ಸರ್ಕಾರದ ‘ದಿಶಾಂಕ್’ ನನಗೆ ಬಹಳ ಮೆಚ್ಚಿನದು. ನಿಂತ ಜಾಗದ ಸರ್ವೆ ನಂಬರ್ ಯಾವುದು ಎಂದು ಅದು ಹೇಳುತ್ತದೆ, ಸರ್ವೆ ನಂಬರ್ ಕೊಟ್ಟರೆ ಆ ಜಮೀನು ಎಲ್ಲಿದೆ ಎಂದು ಉಪಗ್ರಹ ಚಿತ್ರದ ಮೇಲೆ ತೋರಿಸುತ್ತದೆ. ಒಂದು ಕಾಲದಲ್ಲಿ ಇಷ್ಟು ತಿಳಿಯಲು ರೈತ ಗ್ರಾಮ ನಕ್ಷೆಗಾಗಿ ಕಚೇರಿಯ ಬಾಗಿಲಲ್ಲಿ ದಿನಗಟ್ಟಲೆ ಕೂರಬೇಕಾಗಿತ್ತು. ಜಮೀನು ಕೊಳ್ಳುವವನಿಗೆ, ಪಕ್ಕದಲ್ಲಿ ಗೋಮಾಳವಿದೆಯೋ ಕೆರೆಯಂಗಳವಿದೆಯೋ ಎಂದು ಮೊದಲೇ ನೋಡಿಕೊಳ್ಳಬೇಕಾದವನಿಗೆ ಅದು ದೊಡ್ಡ ಉಪಕಾರ. ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೇನೆ ಎಂಬ ಪ್ರಶ್ನೆಯನ್ನು ಅದಕ್ಕೆ ಕೇಳು. ಕಂಬ ಎಲ್ಲಿ ನೆಡಲಿ ಎಂದು ಮಾತ್ರ ಕೇಳಬೇಡ.

ನಿನ್ನ ಮೊಬೈಲ್‌ನಲ್ಲಿ ರಸಮಟ್ಟದ ಆ್ಯಪ್ ಕಂಡೆ. ಒಳ್ಳೆಯದು. ಒಳಗಿನ ಚಿಕ್ಕ ಸಂವೇದಕ ಭೂಮಿಯ ಸೆಳೆತದ ದಿಕ್ಕು ಹಿಡಿದು ವಾಟ ಹೇಳುತ್ತದೆ. ಆದರೆ ಈಗಿನ ಮೊಬೈಲ್‌ಗಳ ಬೆನ್ನಿನಲ್ಲಿ ಕ್ಯಾಮೆರಾ ಉಬ್ಬಿಕೊಂಡಿರುತ್ತದೆ. ಬೆನ್ನು ಕೆಳಗೆ ಮಾಡಿ ಇಟ್ಟರೆ ಮಟ್ಟವಾದ ಹಾಸುಗಲ್ಲೂ ಓರೆಯಾಗಿಯೇ ಕಾಣುತ್ತದೆ. ಉದ್ದನೆಯ ಅಂಚನ್ನು ತಾಗಿಸಿ ನಿಲ್ಲಿಸು. ಒಮ್ಮೆ ಓದಿಕೊಂಡು, ಅದೇ ಜಾಗದಲ್ಲಿ ತುದಿ ಬದಲಿಸಿ ಇನ್ನೊಮ್ಮೆ ಓದು. ಎರಡೂ ಸಲ ಒಂದೇ ಕಡೆಗೆ ಅಷ್ಟೇ ವಾಟ ತೋರಿಸಿದರೆ ಆ್ಯಪ್ ಸರಿಯಾಗಿದೆ. ಗಾರೆ ಕೆಲಸದವರು ತಮ್ಮ ರಸಮಟ್ಟವನ್ನು ಪರೀಕ್ಷಿಸುವುದೂ ಹೀಗೆಯೇ.

ಮೊಬೈಲ್‌ನ ದಿಕ್ಸೂಚಿಯೂ ಕಬ್ಬಿಣಕ್ಕೆ ಹೆದರುತ್ತದೆ. ಭೀಮಸಮುದ್ರದ ಕಡೆಯ ಅದಿರಿನ ಗುಡ್ಡಗಳಲ್ಲಿ ನಮ್ಮ ಹಿತ್ತಾಳೆಯ ದಿಕ್ಸೂಚಿಯ ಮುಳ್ಳನ್ನೇ ನಂಬುವ ಹಾಗಿರಲಿಲ್ಲ. ಪಂಪ್‌ಗೆ ಸೌರ ಫಲಕ ಹಾಕಿಸುವಾಗ ದಕ್ಷಿಣ ದಿಕ್ಕು ನೋಡಲು ನೀನು ಮೊಬೈಲ್‌ನದನ್ನು ಬಳಸುತ್ತೀಯೆ ಎಂದುಕೊಂಡಿದ್ದೇನೆ. ಕೊಳವೆ ಬಾವಿಯ ಕೇಸಿಂಗ್ ಪೈಪಿನಿಂದ, ತಗಡಿನ ಶೆಡ್ಡಿನಿಂದ ಹತ್ತು ಹೆಜ್ಜೆ ದೂರ ನಿಲ್ಲು. ಅಯಸ್ಕಾಂತದ ಗುಂಡಿ ಇರುವ ಕವರ್ ಇದ್ದರೆ ತೆಗೆ. ಮೊಬೈಲನ್ನು 8ರ ಆಕಾರದಲ್ಲಿ ನಾಲ್ಕಾರು ಬಾರಿ ತಿರುಗಿಸಿ ಆಮೇಲೆ ಓದು.

ಇನ್ನು ಟಾರ್ಚ್. ಹಬ್ಬದ ದಿನ ನಿನ್ನ ಮೊಬೈಲ್ ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿಯೇ. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದರೆ ಸಿಗುವ ಟಾರ್ಚ್ ಮೊಬೈಲ್‌ನಲ್ಲಿ ಹುಟ್ಟಿನಿಂದಲೇ ಇದೆ. ಅದು ಬಿಟ್ಟು ಇನ್ನೊಂದನ್ನು ಹಾಕಿಕೊಂಡಿದ್ದೀಯೆ, ಅದು ನಿನ್ನ ಸಂಪರ್ಕ ಪಟ್ಟಿ ಮತ್ತು ಸ್ಥಳ ಎರಡಕ್ಕೂ ಅನುಮತಿ ಪಡೆದು ಕುಳಿತಿದೆ. ದೀಪ ಹಚ್ಚುವುದಕ್ಕೆ ನಿನ್ನ ನೆಂಟರಿಷ್ಟರ ನಂಬರ್ ಏಕೆ ಬೇಕು? 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥದೇ ಒಂದು ಟಾರ್ಚ್ ಆ್ಯಪ್‌ನವರ ಮೇಲೆ ಕ್ರಮ ಕೈಗೊಂಡಿತು. ಕೋಟಿಗಟ್ಟಲೆ ಮೊಬೈಲ್‌ಗಳಿಗೆ ಇಳಿದಿದ್ದ ಆ ಆ್ಯಪ್, ಬಳಸುವವರು ಎಲ್ಲಿದ್ದಾರೆ ಎಂಬ ಮಾಹಿತಿಯನ್ನು ಅವರಿಗೆ ತಿಳಿಸದೆ ಜಾಹೀರಾತಿನವರಿಗೆ ಕಳುಹಿಸುತ್ತಿತ್ತು. ಈ ಪತ್ರ ಓದಿ ಮುಗಿಸುವುದಕ್ಕೆ ಮೊದಲು ಅದನ್ನು ತೆಗೆದುಹಾಕು.

ಅದರ ಪಕ್ಕದಲ್ಲಿ ‘ಮೊಬೈಲ್ ಸ್ವಚ್ಛಗೊಳಿಸುವ’ ಆ್ಯಪ್ ಒಂದು, ‘ಬ್ಯಾಟರಿ ಉಳಿಸುವ’ ಆ್ಯಪ್ ಒಂದು ಇದ್ದವು. ಅವೂ ಬೇಡ. ಮೆಮೊರಿಯನ್ನು ಹೇಗೆ ಹಂಚಬೇಕು ಎಂಬುದು ಆಂಡ್ರಾಯ್ಡ್‌ಗೆ ತಾನಾಗಿಯೇ ಗೊತ್ತು. ನಡೆಯುತ್ತಿರುವ ಆ್ಯಪ್‌ಗಳನ್ನು ಇವು ಬಲವಂತವಾಗಿ ನಿಲ್ಲಿಸುತ್ತವೆ, ಅವು ಮತ್ತೆ ಎದ್ದು ಕೂರುತ್ತವೆ, ಏಳಿಸಿ ಕೂರಿಸುವುದರಲ್ಲಿಯೇ ಬ್ಯಾಟರಿ ಖರ್ಚಾಗುತ್ತದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಕ್ಲೀನ್ ಮಾಸ್ಟರ್, ಡಿಯು ಬ್ಯಾಟರಿ ಸೇವರ್ ಇದ್ದವು, ನಾವೆಲ್ಲ ದಾಖಲೆ ಸ್ಕ್ಯಾನ್ ಮಾಡಲು ನೆಚ್ಚಿಕೊಂಡಿದ್ದ ಕ್ಯಾಮ್‌ಸ್ಕ್ಯಾನರ್ ಕೂಡ ಇತ್ತು. ಈಗ ನಾನು ಗೂಗಲ್ ಡ್ರೈವ್‌ನಲ್ಲಿರುವ ಸ್ಕ್ಯಾನ್ ಸೌಲಭ್ಯವನ್ನೇ ಬಳಸುತ್ತೇನೆ. ಕಾಗದದ ನಾಲ್ಕು ಮೂಲೆಗಳನ್ನು ಅದೇ ಹಿಡಿದುಕೊಳ್ಳುತ್ತದೆ. ನಿನ್ನ ಅಪ್ಪನ ಕ್ರಯಪತ್ರವನ್ನು ಹಗಲಿನ ಬೆಳಕಿನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ಇಡು, ಮಡಿಕೆಯ ಜಾಗದಲ್ಲಿ ಅಕ್ಷರ ಹೋಗುತ್ತಾ ಬಂದಿದೆ.

ದಾಖಲೆಗಳನ್ನು ಇಡುವ ಸರ್ಕಾರದ ಆ್ಯಪ್ ಡಿಜಿಲಾಕರ್ ಇರಲಿ. ಒಂದು ವ್ಯತ್ಯಾಸ ತಿಳಿದಿರು. ಇಲಾಖೆಯಿಂದಲೇ ನೇರವಾಗಿ ಅದಕ್ಕೆ ಬಂದ ಚಾಲನಾ ಪರವಾನಗಿ, ಆರ್‌ಸಿ ಮುಂತಾದವು ಕಾನೂನಿನ ಕಣ್ಣಲ್ಲಿ ಮೂಲ ದಾಖಲೆಗೆ ಸಮ. ನೀನೇ ಫೋಟೊ ತೆಗೆದು ಅದರೊಳಗೆ ಹಾಕಿದ್ದಕ್ಕೆ ಆ ಬೆಲೆ ಇಲ್ಲ.

ಸಿಡಿಲಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದು. ಮುಂಗಾರಿಗೆ ಮುಂಚಿನ ಮಳೆಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳ ಸಂಜೆ, ನಮ್ಮ ಬಯಲುಸೀಮೆಯಲ್ಲಿ ಮೋಡ ಕಟ್ಟುವುದೂ ಗುಡುಗುವುದೂ ಒಂದೇ ಗಳಿಗೆಯಲ್ಲಿ ನಡೆದುಹೋಗುತ್ತವೆ. ಒಮ್ಮೆ ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಳತೆ ಮುಗಿಸಿ ಬರುವಾಗ, ನಮಗೆ ಅರ್ಧ ಗಂಟೆ ಮೊದಲು ಮಜ್ಜಿಗೆ ಕೊಟ್ಟಿದ್ದ ದನಗಾಹಿ ಮರದ ಕೆಳಗೆ ಸಿಡಿಲಿಗೆ ಸಿಕ್ಕಿ ಬಿದ್ದಿದ್ದ. ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಸಿದ್ಧಪಡಿಸಿದ ‘ದಾಮಿನಿ’ ಆ್ಯಪ್ ನೀನಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಎಲ್ಲಿ ಮಿಂಚು ಬೀಳುತ್ತಿದೆ ಎಂದು ತೋರಿಸುತ್ತದೆ. ಇದೂ ಸ್ಥಳದ ಅನುಮತಿ ಕೇಳುತ್ತದೆ, ಕೊಡು. ನೀನೆಲ್ಲಿದ್ದೀಯೆ ಎಂದು ತಿಳಿಯದೆ ಅದು ಎಚ್ಚರಿಸುವುದಾದರೂ ಹೇಗೆ? ಟಾರ್ಚ್‌ಗೆ ಏಕೆ ಬೇಡ ಎಂದೆ, ಇದಕ್ಕೆ ಏಕೆ ಕೊಡು ಎನ್ನುತ್ತಿದ್ದೇನೆ ಎಂಬುದನ್ನು ಗಮನಿಸು. ಎಲ್ಲ ಆ್ಯಪ್‌ಗಳನ್ನೂ ನಾನು ತೂಗುವುದು ಈ ತಕ್ಕಡಿಯಲ್ಲಿಯೇ. ಗುಡುಗು ಕಿವಿಗೆ ಬಿದ್ದ ಮೇಲೆ ಮಾತ್ರ ಮೊಬೈಲ್ ನೋಡುತ್ತಾ ನಿಲ್ಲಬೇಡ, ಮರದ ಕೆಳಗೂ ಹೋಗಬೇಡ. ಪಕ್ಕಾ ಮನೆಯೊಳಗೆ ಸೇರು, ಜೊತೆಯಲ್ಲಿರುವ ಆಳುಗಳನ್ನೂ ಕರೆದುಕೊಂಡು ಹೋಗು.

ಬಿತ್ತನೆ, ಔಷಧ ಸಿಂಪಡಣೆಗೆ ಹವಾಮಾನ ನೋಡಿ ಸಲಹೆ ಕೊಡುವ ‘ಮೇಘದೂತ್’ ಆ್ಯಪ್ ನೋಡು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊಸ ಸಲಹೆ ಬರುತ್ತದೆ, ಕನ್ನಡದಲ್ಲಿಯೂ ಓದಬಹುದು.

ನಿನ್ನ ಅಮ್ಮನ ಮೊಬೈಲ್ ಬಗ್ಗೆ ಒಂದು ಮಾತು. ‘ನಾನು ಮುಟ್ಟಿದರೆ ಇದು ಕೇಳುವುದೇ ಇಲ್ಲ ಅಣ್ಣಾ, ನನಗೆ ಇದು ಬರುವುದಿಲ್ಲ’ ಎಂದು ಅವಳು ಬೇಸರ ಪಟ್ಟುಕೊಂಡಳು. ತಪ್ಪು ಅವಳದಲ್ಲ. ಆ ಪರದೆ ಬೆರಳಿನ ಒತ್ತಡವನ್ನು ನೋಡುವುದಿಲ್ಲ, ಚರ್ಮದ ಮೂಲಕ ಆಗುವ ಸೂಕ್ಷ್ಮ ವಿದ್ಯುತ್ ಬದಲಾವಣೆಯನ್ನು ಗ್ರಹಿಸುತ್ತದೆ. ವರ್ಷಗಟ್ಟಲೆ ಕಳೆ ಕಿತ್ತು ಒಣಗಿ ಗಡುಸಾದ ಬೆರಳತುದಿ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಪರದೆಗೆ ಅಂಟಿಸಿದ ದಪ್ಪ ಗಾಜನ್ನು ತೆಗೆಸಿ ತೆಳುವಾದದ್ದು ಹಾಕಿಸು. ಅಕ್ಷರ ದೊಡ್ಡದು ಮಾಡು. ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸಿ, ಮೈಕ್ ಗುರುತು ಒತ್ತಿ ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಎಂಬುದನ್ನು ಪಕ್ಕದಲ್ಲಿ ಕುಳಿತು ತೋರಿಸು. ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಲು ಕ್ಯಾಮೆರಾವನ್ನೇ ಭೂತಗನ್ನಡಿಯಂತೆ ಹಿಗ್ಗಿಸಿ ನೋಡುವುದನ್ನು ಕಲಿಸು. ಒಂದೇ ದಿನ ಎಲ್ಲವನ್ನೂ ಹೇಳಬೇಡ. ಅವಳು ತಡವರಿಸಿದಾಗ ಕೈಯಿಂದ ಕಿತ್ತುಕೊಂಡು ನೀನೇ ಮಾಡಿ ಕೊಡಬೇಡ.

ಅವಳಿಗೆ ಎರಡು ವಿಷಯ ಮನದಟ್ಟು ಮಾಡಿಸು. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಹಣ ಕೊಡುವಾಗ ಮಾತ್ರ ಒತ್ತಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಬ್ಯಾಂಕಿನ ಸೂಚನೆ, ರೈತರ ಸಹಾಯಧನ ಎಂದು ಯಾವ ಹೆಸರಿನಲ್ಲಿ ಬಂದರೂ, ಕೊನೆಯಲ್ಲಿ ‘ಎಪಿಕೆ’ (.apk) ಎಂದಿರುವ ಕಡತವನ್ನು ಮುಟ್ಟಬಾರದು, ಅದು ಮೊಬೈಲ್‌ಗೆ ಆ್ಯಪ್ ಇಳಿಸುವ ಕಡತ. ಮೋಸ ಹೋದರೆ ಅಳುತ್ತಾ ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈಗ ಬದುವಿನ ವಿಷಯ. ತೋಡಿಸಿದ ಗುಂಡಿಗಳನ್ನು ನಾಳೆಯೇ ಮುಚ್ಚಿಸು. ಆಮೇಲೆ ನಾಡಕಚೇರಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಕೊಡು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಎಲ್ಲರ ಎದುರಿನಲ್ಲಿ ಅಳೆದು ಗಡಿ ಗುರುತಿಸುತ್ತಾರೆ. ಈಗ ಇಲಾಖೆಯವರ ಬಳಿ ರೋವರ್ ಎಂಬ ಯಂತ್ರವಿದೆ, ಅದೂ ಉಪಗ್ರಹದಿಂದಲೇ ಅಳೆಯುತ್ತದೆ, ಆದರೆ ತಪ್ಪು ಸೆಂಟಿಮೀಟರ್‌ಗಳಲ್ಲಿ ಇರುತ್ತದೆ. ಯಜಮಾನರಿಗೆ ನೋಟಿಸ್ ತಲುಪುವ ಮೊದಲು ನೀನು ಅವರ ಮನೆಗೆ ಹೋಗಬೇಕು. ಪಹಣಿಯಲ್ಲಿ ಖರಾಬು ಇದ್ದದ್ದನ್ನು ನೋಡಿರಲಿಲ್ಲ, ತಪ್ಪಾಯಿತು ಎಂದು ನೇರವಾಗಿ ಹೇಳು. ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಹೋಗು.

ನಿಮ್ಮ ಸರ್ವೆ ನಂಬರ್‌ನ ಹಳೆಯ ಟಿಪ್ಪಣಿಯ, ಅಂದರೆ ಮೂಲ ಅಳತೆಯ ನಕ್ಷೆಯ, ನಕಲು ನನ್ನ ಪೆಟ್ಟಿಗೆಯಲ್ಲಿದೆ. ಗುರುವಾರ ಬೆಳಗಿನ ಬಸ್ಸಿಗೆ ಅದನ್ನು ತೆಗೆದುಕೊಂಡು ಬರುತ್ತೇನೆ. ಅಮ್ಮನಿಗೆ ಹೇಳು, ಊಟಕ್ಕೆ ಅಲ್ಲಿಯೇ ಇರುತ್ತೇನೆ.

ಇಂತಿ ನಿನ್ನ ಮಾವ