ಕಳವಾದ ಮನೆಯೊಳಗೆ ನುಗ್ಗಬೇಡಿ

ಮಾನ್ಯ ಸಂಪಾದಕರೇ,

ಮನೆ ಕಳವಾಯ್ತು ಅಂದ್ರೆ ಸಾಕು, ಓಣಿಗೆ ಓಣಿಯೇ ಒಳಗೆ ನುಗ್ಗುತ್ತದೆ. ಮೊನ್ನೆ ನಮ್ಮ ಓಣಿಯಲ್ಲೂ ಅದೇ ಆಯಿತು. ಬೆರಳಚ್ಚಿನವರು ಬರುವ ಹೊತ್ತಿಗೆ ಅಲ್ಮಾರಿಯ ಬಾಗಿಲನ್ನು ಎಷ್ಟು ಜನ ಮುಟ್ಟಿದ್ದರೋ! ಚೆಲ್ಲಾಡಿದ್ದ ಬಟ್ಟೆ ಮಡಚಿಟ್ಟಿದ್ದರು, ಕಸವನ್ನೂ ಗುಡಿಸಿಬಿಟ್ಟಿದ್ದರು. ಮೊದಲು ಬಂದ ಪೊಲೀಸರೂ ಯಾರನ್ನೂ ತಡೆಯಲಿಲ್ಲ.

ಸ್ಟುಡಿಯೊ ನಡೆಸುತ್ತಿದ್ದಾಗ ಪೊಲೀಸರು ಕರೆದರೆ ನಾನು ಇಂಥ ಕಡೆ ಫೋಟೊ ತೆಗೆಯಲು ಹೋಗುತ್ತಿದ್ದೆ. ನಮ್ಮ ಮನೆಗಳಲ್ಲಿ ಶಹಾಬಾದ್ ಫರ್ಸಿ ಅಲ್ವಾ? ನಿಂತು ನೋಡಿದರೆ ಅದರ ಮೇಲೆ ಏನೂ ಕಾಣದು. ಕೋಣೆ ಕತ್ತಲೆ ಮಾಡಿ, ಬ್ಯಾಟರಿಯನ್ನು ನೆಲಕ್ಕೆ ತಾಗಿಸಿದಂತೆ ಹಿಡಿದು ಅಡ್ಡ ಬೆಳಕು ಬಿಡಬೇಕು. ಆಗ ಧೂಳಿನಲ್ಲಿ ಚಪ್ಪಲಿಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಹಿಮ್ಮಡಿ ಸವೆದದ್ದು, ಅಂಚು ಹರಿದದ್ದು ಎಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯುತ್ತಿದ್ದೆವು. ಅದರ ಮೇಲೆ ಇನ್ನೊಂದು ಕಾಲು ಬಿತ್ತೋ, ಮುಗಿಯಿತು.

ಬೆರಳಚ್ಚಿನ ಕೆಲಸದಲ್ಲಿ ನಮ್ಮವರ ಪಾಲು ದೊಡ್ಡದು. ಕಲ್ಕತ್ತೆಯಲ್ಲಿ 1897ರಲ್ಲೇ ಬೆರಳಚ್ಚು ಕಚೇರಿ ಶುರುವಾಗಿತ್ತು. ಲಂಡನ್ ಪೊಲೀಸರ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡ್‌ಗೆ ಅದು ಬಂದದ್ದು 1901ರಲ್ಲಿ. ಅಚ್ಚುಗಳನ್ನು ವಿಂಗಡಿಸುವ ಲೆಕ್ಕ ಕೂಡಿಸಿದವರು ಬಂಗಾಳ ಪೊಲೀಸಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ. 1898ರಲ್ಲಿ ಜಲ್ಪೈಗುರಿ ಕಡೆ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲಿದ್ದ ಕಂದು ಕಲೆ, ಹಿಂದೆ ಅವನ ಹತ್ತಿರ ಕೆಲಸಕ್ಕಿದ್ದ ಆಳಿನ ಹೆಬ್ಬೆರಳಿಗೆ ಹೊಂದಿತು. ಕೊಲೆಯ ಆರೋಪ ನಿಲ್ಲಲಿಲ್ಲ, ಕಳವಿಗೆ ಶಿಕ್ಷೆಯಾಯಿತು. ಆ ಪಂಚಾಂಗವನ್ನು ಯಾರಾದರೂ ಒರೆಸಿಟ್ಟಿದ್ದರೆ ಅದೂ ಆಗುತ್ತಿರಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧದ ತನಿಖೆ, ವಿಚಾರಣೆ ಹೇಗೆ ನಡೆಯಬೇಕೆಂಬ ಕಾನೂನು) ಪ್ರಕಾರ, 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರೇ ಜಾಗಕ್ಕೆ ಬರಬೇಕು. ಇದಕ್ಕೆ ತಯಾರಾಗಲು ರಾಜ್ಯಗಳಿಗೆ ಆಗಿನಿಂದ 5 ವರ್ಷ ಸಮಯ ಕೊಟ್ಟಿದ್ದಾರೆ. ನಮ್ಮ ಕಲಬುರಗಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯವೂ ಇದೆ. ಆದರೆ ತಜ್ಞರು ಬಂದಾಗ ಸಿಗುವುದು ನೆರೆಹೊರೆಯವರ ಬೆರಳಚ್ಚೇ ಆದರೆ ಏನು ಪ್ರಯೋಜನ?

ಪೊಲೀಸ್ ಇಲಾಖೆಗೆ ನನ್ನ ವಿನಂತಿ ಇಷ್ಟೇ. ಪ್ರತಿ ಠಾಣೆಯ ಗಾಡಿಯಲ್ಲೂ ಒಂದು ಹಗ್ಗ ಇರಲಿ. ಮೊದಲು ಬಂದ ಪೇದೆ ಅದನ್ನು ಬಾಗಿಲಿಗೆ ಕಟ್ಟಿ ಅಲ್ಲೇ ನಿಲ್ಲಲಿ. ಒಳಗೆ ಹೋದವರ ಹೆಸರು ಬರೆದುಕೊಳ್ಳಲಿ. ಮನೆಯವರೂ ಅಷ್ಟೇ, ಏನೇನು ಹೋಯ್ತು ಅಂತ ಹುಡುಕುವ ಮೊದಲು ಹೊರಗೆ ಬಂದು 112ಕ್ಕೆ ಫೋನ್ ಮಾಡಲಿ.

— ಒಬ್ಬ ಹಳೆಯ ಫೋಟೊಗ್ರಾಫರ್, ಕಲಬುರಗಿ