ಉಕ್ಕಿನ ಹಗ್ಗವಿದ್ದರೆ ಸಾಲದು

ಮಾನ್ಯರೇ,

ಯುರೋಪಿಗೆ ಹೋದ ನಮ್ಮ ಚಾರಣಿಗರಲ್ಲಿ ಕೆಲವರು ಇಟಲಿಯ ಡೋಲೊಮೈಟ್ಸ್ ಪರ್ವತಗಳಲ್ಲಿ ‘ವಿಯಾ ಫೆರಾಟಾ’ ಹತ್ತಲು ಹೊರಡುತ್ತಾರೆ. ಬಂಡೆಗೆ ಉಕ್ಕಿನ ಹಗ್ಗ, ಏಣಿ ಜಡಿದ ದಾರಿಗಳಿವು. ಕೆಲವು ಮೊದಲ ಮಹಾಯುದ್ಧದ ಸೈನಿಕರ ಕಾಲದವು. ಹಗ್ಗ ಇದೆಯಲ್ಲ ಎಂಬ ಧೈರ್ಯವೇ ಹೊಸಬರಿಗೆ ಮುಳುವು.

ಹೆಲ್ಮೆಟ್, ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿ) ಜತೆಗೆ ಎರಡು ಕ್ಯಾರಬೈನರ್‌ಗಳಿರುವ, ಅಂದರೆ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆಗಳಿರುವ, ವಿಯಾ ಫೆರಾಟಾ ಸೆಟ್ ಬೇಕೇ ಬೇಕು. ಹಗ್ಗವನ್ನು ಬಿಗಿದ ಗೂಟ ಎದುರಾದಾಗ ಒಂದು ಕೊಕ್ಕೆ ಬಿಚ್ಚಿ ಗೂಟದಾಚೆ ಸಿಕ್ಕಿಸಿ, ಆಮೇಲಷ್ಟೇ ಇನ್ನೊಂದನ್ನು ಮುಟ್ಟಬೇಕು. ಕಡಿದಾದ ಕಡೆ ಕೈ ತಪ್ಪಿದರೆ ಕೊಕ್ಕೆ ಕೆಳಗಿನ ಗೂಟದವರೆಗೂ ಸರ್ರನೆ ಜಾರಿ ಅಲ್ಲಿ ತಟ್ಟನೆ ನಿಲ್ಲುತ್ತದೆ. ಸೆಟ್‌ನ ಪುಟ್ಟ ಚೀಲದೊಳಗೆ ಮಡಿಸಿ ಹೊಲಿದ ಪಟ್ಟಿಯಿರುತ್ತದೆ. ಅದರ ಹೊಲಿಗೆ ಹರಿಯುತ್ತಾ ಹೋಗಿ ಆ ಹೊಡೆತವನ್ನು ನುಂಗುತ್ತದೆ. ದುಡ್ಡು ಉಳಿಸಲು ಬರೀ ಸ್ಲಿಂಗ್ (ಸಾದಾ ಪಟ್ಟಿಯ ಕುಣಿಕೆ) ಕಟ್ಟಿಕೊಂಡರೆ ಅದು ತುಂಡಾಗಬಹುದು. ಒಮ್ಮೆ ಹರಿದ ಸೆಟ್ಟನ್ನು ಮತ್ತೆ ಬಳಸುವಂತಿಲ್ಲ. ಹೊಸ ಸೆಟ್ ಕೂಡ 40 ಕೆ.ಜಿ.ಗಿಂತ ಹಗುರವಿದ್ದವರಿಗೆ ಸಾಲದು. ಮಕ್ಕಳನ್ನು ಅನುಭವಿಗಳು ಮೇಲಿನಿಂದ ಬೇರೆ ಹಗ್ಗದಲ್ಲಿ ಹಿಡಿದಿರಬೇಕು.

ಎರಡು ಗೂಟಗಳ ನಡುವೆ ಒಬ್ಬರೇ ಇರಲಿ. ಬೇಸಿಗೆ ಮಧ್ಯಾಹ್ನಗಳಲ್ಲಿ ಅಲ್ಲಿ ಗುಡುಗು ಮಳೆ ಮಾಮೂಲು, ಉಕ್ಕಿನ ಹಗ್ಗವೋ ಸಿಡಿಲಿಗೆ ನೇರ ದಾರಿ. ನಸುಕಿನಲ್ಲೇ ಹೊರಟು ಊಟದ ಹೊತ್ತಿಗೆ ಇಳಿದುಬಿಡಿ. ಮೊದಲ ಸಲಕ್ಕೆ ‘ಎ’ ಅಥವಾ ‘ಬಿ’ ದರ್ಜೆಯ ಸುಲಭ ದಾರಿ ಸಾಕು.

– ಚಾರಣಾಸಕ್ತರು, ಬೆಂಗಳೂರು